ಯಾವ ಜನ?

ಟ್ರಂಕಿನ ತಳದಲ್ಲಿ, ನನ್ನ ಧಾರೆ ಸೀರೆಯ ಮಡಿಕೆಯೊಳಗೆ ಒಂದು ಒಳಲೆ ಸಿಕ್ಕಿತು. ಹಸುಗೂಸಿನ ಬಾಯಿಗೆ ಹಾಲು ಹನಿಸುವ, ಮೂತಿ ಚೂಪಾದ, ಸ್ಟೀಲಿನ ಪುಟ್ಟ ಒಳಲೆ. ನಾನು ಹುಡುಕುತ್ತಿದ್ದದ್ದು ಮಗಳ ಹಳೆಯ ಅಂಕಪಟ್ಟಿಯನ್ನು. ಒಳಲೆಯನ್ನು ಮೂಗಿನ ಹತ್ತಿರ ಹಿಡಿದೆ. ನುಸಿಗುಳಿಗೆಯ ವಾಸನೆ. ಅದರ ಹಿಂದೆಯೇ ಸ್ಪಿರಿಟ್ಟಿನ ಘಾಟು... ಹದಿನೆಂಟು ವರ್ಷ ಸ್ಪಿರಿಟ್ಟಿನ ವಾಸನೆ ನಿಲ್ಲುವುದಿಲ್ಲ ಎಂದು ನನಗೂ ಗೊತ್ತಿದೆ. ಆದರೂ ಬಂತು.

ಮಗಳು ಯಳಂದೂರಿನ ನಮ್ಮ ಮನೆಯ ನಡುಮನೆಯಲ್ಲಿ ನೆಲದ ಮೇಲೆ ಕೂತು ಕಾಲೇಜಿನ ಅರ್ಜಿ ತುಂಬುತ್ತಿದ್ದಳು. "ಅಮ್ಮಾ, ಇದ್ರಲ್ಲಿ ಧರ್ಮಕ್ಕೆ ಒಂದು ಚೌಕ, ಜಾತಿಗೆ ಒಂದು ಚೌಕ ಮಾಡವ್ರೆ. ಎರಡಕ್ಕೂ ಏನು ವ್ಯತ್ಯಾಸ?" ಎಂದು ತಲೆಯೆತ್ತದೆ ಕೇಳಿದಳು. ನಾನು ಪ್ರೈಮರಿ ಶಾಲೆಯ ಟೀಚರು. ಪ್ರತಿ ಜೂನ್ ತಿಂಗಳಲ್ಲಿ ದಾಖಲಾತಿ ಪುಸ್ತಕದಲ್ಲಿ ಆ ಎರಡು ಕಾಲಂಗಳನ್ನು ತುಂಬಿ ತುಂಬಿ ಕೈ ಸವೆಸಿಕೊಂಡವಳು. ಒಳಲೆಯನ್ನು ಹಿಡಿದುಕೊಂಡೇ ಅವಳ ಎದುರು ಕೂತೆ. ಉತ್ತರ ನನಗೆ ಗೊತ್ತಿತ್ತು. ಹೇಳಿಕೊಟ್ಟವರು ನೆನಪಾದರು, ಹೇಳಿಸಿಕೊಂಡ ರೀತಿಯೂ ನೆನಪಾಯಿತು.

ನಾನು ಹನೂರಿಗೆ ಸೊಸೆಯಾಗಿ ಹೋದದ್ದು ಎಂಬತ್ತರ ದಶಕದ ನಡುವಿನಲ್ಲಿ. ಪಿ.ಯು.ಸಿ. ಮುಗಿಸಿದ್ದೆ, ಅಷ್ಟಕ್ಕೇ ಅತ್ತೆಮನೆಯಲ್ಲಿ ನನ್ನನ್ನು ಓದಿದ ಸೊಸೆ ಎನ್ನುತ್ತಿದ್ದರು. ಮನೆಯ ಮುಂದೆ ಉದ್ದನೆಯ ಜಗಲಿ, ಜಗಲಿಯ ಒಂದು ತುದಿಗೆ ಬೇರೆ ಬಾಗಿಲಿದ್ದ ಒಂದು ಕೋಣೆ. ಆ ಕೋಣೆಯನ್ನು ಮಾವನವರು ಬಾಡಿಗೆಗೆ ಕೊಡುತ್ತಿದ್ದರು. ನಮ್ಮದು ಯಾವ ಜಾತಿ ಎಂದು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ಜಾತಿಯವರೆಲ್ಲ ಸದ್ಯ ನಮ್ಮದಲ್ಲ ಎಂದು ಉಸಿರು ಬಿಡುತ್ತಾರೆ. ಅವರಿಗೆ ಆ ಸುಖ ಯಾಕೆ ಕೊಡಲಿ?

ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸಮ್ಮ ಮನೆ ಹುಡುಕಿಕೊಂಡು ನಮ್ಮ ಜಗಲಿಗೆ ಬಂದ ದಿನ ನಾನು ಬಾಗಿಲ ಹಿಂದೆ ನಿಂತಿದ್ದೆ. ಮೂವತ್ತೈದರ ಆಸುಪಾಸಿನ ಹೆಂಗಸು. ಬಿಳಿ ಸೀರೆ, ಗಂಡಸರ ಕೊಡೆ, ಕೈಯಲ್ಲಿ ಹಸಿರು ಟ್ರಂಕು. ಮಾವ ಮೊದಲು ಊರು ಕೇಳಿದರು, ಆಮೇಲೆ ನಮ್ಮ ಕಡೆ ಎಲ್ಲರೂ ಕೇಳುವುದನ್ನು ಕೇಳಿದರು.

"ಯಾವ ಜನವ್ವ ನೀವು?"

ನಮ್ಮ ಸೀಮೆಯಲ್ಲಿ ಜಾತಿ ಯಾವುದು ಎಂದು ಯಾರೂ ಕೇಳುವುದಿಲ್ಲ. ಅದು ಒರಟಾಗುತ್ತದಂತೆ. ಯಾವ ಜನ ಎಂದು ಕೇಳುತ್ತಾರೆ. ಎಷ್ಟು ಮೆತ್ತಗಿದೆ ನೋಡಿ ಮಾತು, ಊಟ ಆಯಿತಾ ಎಂದಷ್ಟೇ ಸಲೀಸು.

"ಕಿಲಸ್ತಾನರು ಕಣಪ್ಪ," ಎಂದರು ನರ್ಸಮ್ಮ.

ಮಾವನ ಮುಖ ಸಡಿಲವಾಯಿತು. "ಅಂಗಾರೆ ಸೈ ಬುಡು. ದೇವ್ರು ಬ್ಯಾರೆ ಅಷ್ಟೆ. ನಮ್ಮನೇಲಿ ಅಂತಾ ಭೇದ ಏನಿಲ್ಲ," ಎಂದರು. ಅದು ಸುಳ್ಳಲ್ಲ. ಕೊಳ್ಳೇಗಾಲದಿಂದ ರೇಷ್ಮೆಗೂಡು ಕೊಳ್ಳಲು ಬರುತ್ತಿದ್ದ ಸಾಯಬರು ಅವರ ಜೀವದ ಗೆಳೆಯರು. ಬಂದಾಗಲೆಲ್ಲ ಜಗಲಿಯ ಮೇಲೆ ಸರಿಸಮ ಕೂತು ಕಾಫಿ ಕುಡಿಯುತ್ತಿದ್ದರು. ಸಾಯಬರಿಗೆಂದು ಒಂದು ಬೇರೆ ಲೋಟ ಇತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ಆ ಲೋಟ ಅಡುಗೆಮನೆಯ ಒಳಗೇ, ನಮ್ಮ ಲೋಟಗಳ ಸಾಲಿನ ಕೊನೆಯಲ್ಲಿರುತ್ತಿತ್ತು. ಬೇರೆ ಧರ್ಮದವರಿಗೆ ಆ ಮನೆಯೊಳಗೆ ಕೊನೆಯ ಜಾಗವಾದರೂ ಇತ್ತು. ಹೊರಗಿನ ಗೋಡೆಯ ಗೂಡಿನಲ್ಲಿ ಇನ್ನೊಂದು ಲೋಟ ಇರುತ್ತಿತ್ತು, ಹೊಲದ ಕೆಲಸಕ್ಕೆ ಕೇರಿಯಿಂದ ಬರುವವರದ್ದು. ಅದು ಒಂದು ದಿನವೂ ಹೊಸ್ತಿಲು ದಾಟಿದ್ದನ್ನು ನಾನು ಕಾಣೆ. ಆ ಎರಡು ಲೋಟಗಳ ನಡುವೆ ಒಂದು ಗೋಡೆ ಇದೆ ಎಂದು ಆಗ ನನಗೆ ಹೊಳೆದಿರಲಿಲ್ಲ, ಹೊಳೆಯುವಷ್ಟು ನೋಡಿಯೂ ಇರಲಿಲ್ಲ.

ನರ್ಸಮ್ಮ ಬೆಳಗಾದರೆ ಲಸಿಕೆಯ ಡಬ್ಬ ಹೆಗಲಿಗೆ ಹಾಕಿಕೊಂಡು ಶಾಗ್ಯದ ಕಡೆಗೋ ಇನ್ನೆಲ್ಲಿಗೋ ಹೊರಡುತ್ತಿದ್ದರು. ಬಸ್ಸಿದ್ದರೆ ಬಸ್ಸು, ಇಲ್ಲದಿದ್ದರೆ ನಡಿಗೆ. ಬಾಯಿ ಬಲು ಜೋರು. ನಡುಬೀದಿಯಲ್ಲಿ ಹೆಂಗಸರನ್ನು ನಿಲ್ಲಿಸಿ, "ಏನ್ಲೇ, ನಾಕಾಯ್ತಲ್ಲ, ಇನ್ನೂ ಆಪರೇಶನ್ ಮಾಡಿಸ್ಕಂಡಿಲ್ವಾ? ನಿನ್ ಗಂಡನ್ನ ಕರೀ, ನಾನ್ ಮಾತಾಡ್ತೀನಿ," ಎಂದು ಕೂಗಿದರೆ ಗಂಡಸರು ಅಂಗಡಿಯೊಳಗೆ ನುಸುಳಿಕೊಳ್ಳುತ್ತಿದ್ದರು. ನಮ್ಮ ಅತ್ತೆ ಊರಿಗೆಲ್ಲ ಹೆದರಿಕೆ ಹುಟ್ಟಿಸುವ ಹೆಂಗಸು, ಅಂಥವರೂ ನರ್ಸಮ್ಮನ ಎದುರು ಮಂಡಿನೋವಿನ ಕಥೆ ಹೇಳಿಕೊಂಡು ಕೂರುತ್ತಿದ್ದರು. ಸಂಜೆ ಮನೆಗೆ ಬಂದವರು ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ನನ್ನ ಬಸುರಿನ ದಿನ ಎಣಿಸುತ್ತಿದ್ದರು.

ಬಾಣಂತನಕ್ಕೆ ನಾನು ಯಳಂದೂರಿನ ತವರಿಗೆ ಹೋಗಬೇಕಿತ್ತು. ಒಂಬತ್ತಕ್ಕೆ ಬಿದ್ದ ಮೇಲೆ ಕಳಿಸೋಣ ಎಂದು ಅತ್ತೆ ತಡೆದಿದ್ದರು. ಎಂಟು ತುಂಬುವ ಮೊದಲೇ ಒಂದು ಭಾನುವಾರ ಮಧ್ಯಾಹ್ನ, ರಾಗಿ ಕೇರುತ್ತಿದ್ದಾಗ ನೋವು ಬಂತು. ಅತ್ತೆ ಜಗಲಿಗೆ ಓಡಿಹೋಗಿ, "ಬಾ ತಾಯಿ, ನೀನೇ ದಿಕ್ಕು," ಎಂದು ನರ್ಸಮ್ಮನ ಕೈ ಹಿಡಿದು ಎಳೆದುಕೊಂಡು ಬಂದರು. ಹಿಡಿದದ್ದು ಕೈಯನ್ನೇ, ನೆನಪಿಟ್ಟುಕೊಳ್ಳಿ. ಹೊಸ್ತಿಲು, ನಡುಮನೆ, ದೇವರಗೂಡು, ಎಲ್ಲ ದಾಟಿಸಿ ಒಳಕೋಣೆಗೆ.

ಮಗು ಬೆಕ್ಕಿನ ಮರಿಯಷ್ಟಿತ್ತು. ಅಳಲಿಲ್ಲ. ನರ್ಸಮ್ಮ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು. ಆಮೇಲೆ ಸಣ್ಣಗೆ ಒಂದು ಅಳು... ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಮಗುವಿಗೆ ಮೊಲೆ ಚೀಪುವ ಶಕ್ತಿಯೂ ಇರಲಿಲ್ಲ. ಮೈಸೂರಿಗೆ ಒಯ್ಯಬೇಕು ಎಂದು ಡಾಕ್ಟರು ಹೇಳಿದರು. ದಾರಿಯಲ್ಲೇ ಹೋದರೆ ಎಂದು ಮಾವ ಹೆದರಿದರು. ಆಗ ನರ್ಸಮ್ಮ ತಮ್ಮ ಹಸಿರು ಟ್ರಂಕಿನಿಂದ ಈ ಒಳಲೆಯನ್ನು ತೆಗೆದುಕೊಂಡು ಬಂದರು. ಅದು ಅವರ ಸ್ವಂತದ್ದು. ಯಾವ ಮಗುವಿಗೆಂದು ಇಟ್ಟುಕೊಂಡಿದ್ದರೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನ್ನ ಹಾಲನ್ನು ಒಳಲೆಗೆ ಹಿಂಡಿ, ಅದನ್ನು ಸ್ಪಿರಿಟ್ಟಿನ ಹತ್ತಿ ಮುಟ್ಟಿದ ಬೆರಳಲ್ಲಿ ಹಿಡಿದು, ಹನಿ ಹನಿಯಾಗಿ ಮಗುವಿನ ಕೆನ್ನೆಯ ಒಳಗೆ ಬಿಡುತ್ತಿದ್ದರು. ಉಳಿದ ಹೊತ್ತೆಲ್ಲ ಮಗು ಅವರ ರವಿಕೆಯೊಳಗೆ, ಎದೆಯ ಬಿಸಿಗೆ ಅಂಟಿಕೊಂಡಿರುತ್ತಿತ್ತು. ಒಂದು ತಿಂಗಳು ರಜೆ ಹಾಕಿದರು. ಐದನೆಯ ವಾರಕ್ಕೆ ಮಗು ಒಳಲೆಯ ಮೂತಿಯನ್ನು ತಾನೇ ಚೀಪತೊಡಗಿತು. ಮಾವ ಆ ದಿನ ಬೀದಿಯವರಿಗೆಲ್ಲ ಬೆಲ್ಲ ಹಂಚಿ, ಈಯಮ್ಮ ನಮ್ಮನೆ ದೇವ್ರು ಕಣ್ರೋ ಎಂದರು.

ಅದೇ ವಾರ ನರ್ಸಮ್ಮನ ತಾಯಿ ಬಂದರು. ಮಗಳು ಉಳಿಸಿದ ಕೂಸನ್ನು ನೋಡಲೆಂದು ಊರಿನಿಂದ ಬಂದಿದ್ದರಂತೆ. ಮಾವ ಜಗಲಿಯಲ್ಲಿ ಕೂತಿದ್ದರು, ನನ್ನ ಗಂಡ ಪಕ್ಕದಲ್ಲಿ ಪೇಪರ್ ಓದುತ್ತಿದ್ದರು, ನಾನು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಮುದುಕಿಯ ಕೊರಳಲ್ಲಿ ಶಿಲುಬೆಯಿದ್ದ ಜಪಸರ. ಸೆರಗಿನ ತುದಿಯಲ್ಲಿ ಗಂಟು, ಒಳಗೆ ಮಗುವಿಗೆ ತೇಯ್ದು ನೆಕ್ಕಿಸಲು ಬಜೆ ಬೇರು. ಚಪ್ಪಲಿಯನ್ನು ಬೀದಿಯ ತುದಿಯ ಲೈಟುಕಂಬದ ಬುಡದಲ್ಲಿ ಬಿಟ್ಟು ಬರಿಗಾಲಲ್ಲಿ ನಡೆದು ಬಂದವರು, ಜಗಲಿಯಿಂದ ನಾಲ್ಕು ಮಾರು ದೂರದಲ್ಲೇ ನಿಂತು, ನಡು ಬಗ್ಗಿಸಿ ಮಾವನನ್ನು ಕೇಳಿದರು.

"ನಮ್ಮೆಣ್ಣು ಒಳಗದಾ ಬುದ್ದೀ?"

ಅಷ್ಟೇ. ನಮ್ಮ ಕಡೆ ಯಾರು ಯಾರನ್ನು 'ಬುದ್ದೀ' ಎಂದು ಕರೆಯುತ್ತಾರೆ ಎನ್ನುವುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಸ್ವಾಮಿಗಳನ್ನು ಎಲ್ಲರೂ ಕರೆಯುತ್ತಾರೆ. ಜಗಲಿಯ ಮೇಲೆ ಬೀಡಿ ಸೇದುತ್ತ ಕೂತ ಮಾಮೂಲಿ ಗಂಡಸನ್ನು ಹಾಗೆ ಕರೆಯುವವರು ಕೇರಿಯವರು ಮಾತ್ರ. ಆ ಮುದುಕಿ ದೇವರನ್ನು ಬದಲಾಯಿಸಿಕೊಂಡು ಮೂವತ್ತು ವರ್ಷವಾಗಿತ್ತಂತೆ. ಆದರೆ ತಲೆತಲಾಂತರದಿಂದ ನಾವು ಅವರ ನಾಲಿಗೆಯ ಮೇಲೆ ಕೂರಿಸಿದ್ದ ಮಾತನ್ನು ಯಾವ ಪಾದ್ರಿಯ ನೀರೂ ತೊಳೆದಿರಲಿಲ್ಲ.

ಮಾವ ಬೀಡಿಯನ್ನು ಜಗಲಿಯ ಅಂಚಿಗೆ ಒತ್ತಿ ಆರಿಸಿದರು. ತಾಯಿಯ ದನಿ ಕೇಳಿ ನಗುತ್ತ ಕೋಣೆಯಿಂದ ಹೊರಬಂದ ನರ್ಸಮ್ಮ ಮಾವನ ಮುಖ ನೋಡಿ ನಿಂತುಬಿಟ್ಟರು.

"ಸುಳ್ಳೇಳಿ ಸೇರ್ಕಂಡೆ ಅಲ್ವಾ?" ಎಂದರು ಮಾವ.

"ಸುಳ್ಳೇನಪ್ಪ ಏಳಿದ್ದೀನಿ? ನಾನು ಚರ್ಚಿಗೆ ಓಗೋದು ಸುಳ್ಳಾ?"

"ನೀನು ಯಾವ ದೇವ್ರಿಗೆ ಕೈ ಮುಗಿತೀಯ ಅಂತ ನಾ ಕೇಳಿದ್ನಾ? ಯಾವ ಜನ ಅಂತ ಕೇಳ್ದೆ."

ಆಮೇಲೆ ನಾನು ಟೀಚರಾಗಲು ಟಿ.ಸಿ.ಎಚ್. ಓದಿದೆ, ಧರ್ಮ ಎಂದರೇನು, ಜಾತಿ ಎಂದರೇನು ಎಂದು ಪುಸ್ತಕದಿಂದ ಉರುಹೊಡೆದು ಪರೀಕ್ಷೆಯಲ್ಲಿ ಬರೆದೆ. ಒಂದೂ ವಾಕ್ಯ ನೆನಪಿಲ್ಲ. ಮಾವನ ಈ ಮಾತು ಮಾತ್ರ ಅಕ್ಷರ ತಪ್ಪದೆ ನೆನಪಿದೆ. ಧರ್ಮ ಕೇಳುವವನಿಗೆ ನೀವು ಎಲ್ಲಿ ಕೈ ಮುಗಿಯುತ್ತೀರಿ ಎಂದು ತಿಳಿದರೆ ಸಾಕು. ಜಾತಿ ಕೇಳುವವನು ನೀವು ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಲು ಕೇಳುತ್ತಾನೆ. ಒಂದನ್ನು ನೀವು ಬಿಟ್ಟು ಬರಬಹುದು. ಇನ್ನೊಂದನ್ನು ಬಿಟ್ಟು ಬಂದೆ ಎಂದು ನೀವಂದುಕೊಂಡರೂ ಎದುರಿಗಿರುವವನು ಬಿಟ್ಟಿರುವುದಿಲ್ಲ.

ಆಗ ನರ್ಸಮ್ಮ ನನ್ನ ಕಡೆ ನೋಡಿದರು. ಮಾವನ ಕಡೆಯಲ್ಲ, ನನ್ನ ಗಂಡನ ಕಡೆಯಲ್ಲ, ನನ್ನ ಕಡೆ. ನನ್ನ ತೋಳಲ್ಲಿ ಮಗು ಇತ್ತು. ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಈ ಮಗುವಿನ ಬಾಯಿಗೆ ಉಸಿರು ಊದಿದವರು ಇವರು ಎಂದಿದ್ದರೆ ಸಾಕಿತ್ತು. ಏನಾಗುತ್ತಿತ್ತು? ಬೈಯುತ್ತಿದ್ದರು, ಹೆಚ್ಚೆಂದರೆ ತವರಿಗೆ ಅಟ್ಟುತ್ತಿದ್ದರು. ನಾನು ಮಗುವಿಗೆ ಹಸಿವಾಯಿತೆಂಬ ನೆಪ ಮಾಡಿಕೊಂಡು ಒಳಗೆ ಹೋದೆ. ಹಿಂದೆ ನನ್ನ ಗಂಡ ಪೇಪರಿನ ಪುಟ ತಿರುಗಿಸಿದ ಸದ್ದು ಕೇಳಿಸಿತು.

ಹೊತ್ತು ಮುಳುಗುವುದರೊಳಗೆ ಕೋಣೆ ಖಾಲಿಯಾಯಿತು. ಹಸಿರು ಟ್ರಂಕು, ಸ್ಟೌವು, ಯೇಸುವಿನ ಕ್ಯಾಲೆಂಡರು. ತಾಯಿ ಮಗಳು ಇಬ್ಬರೇ ಹೊತ್ತುಕೊಂಡು ಹೋದರು. ಬಜೆಯ ಗಂಟನ್ನು ಆ ಮುದುಕಿ ಜಗಲಿಯ ಅಂಚಿನಲ್ಲಿಟ್ಟಿದ್ದರು, ಅತ್ತೆ ಅದನ್ನು ಕಡ್ಡಿಯಿಂದ ತಳ್ಳಿ ಚರಂಡಿಗೆ ಹಾಕಿದರು. ಆಮೇಲೆ ಗಂಜಲ ತಂದು ಕೋಣೆಗೆ, ಜಗಲಿಗೆ, ನಡುಮನೆಗೆ ಚಿಮುಕಿಸಿದರು. ಕೊನೆಗೆ ನನ್ನ ತಲೆಯ ಮೇಲೂ ಮಗುವಿನ ತಲೆಯ ಮೇಲೂ ಚಿಮುಕಿಸಿದರು. ಐದು ವಾರದ ಕೂಸು ಬೆಚ್ಚಿಬಿದ್ದು ಕಿರುಚಿತು. ಒಂದು ತಿಂಗಳು ಅವರ ಎದೆಯ ಬಿಸಿಯಲ್ಲೇ ಬದುಕಿದ ಮೈಯನ್ನು ದನದ ಉಚ್ಚೆಯಿಂದ ಶುದ್ಧ ಮಾಡುತ್ತಾರಂತೆ! ಬಾಯಿಯಿಂದ ಒಳಗೆ ಹೋದ ಉಸಿರನ್ನು ಯಾವುದರಿಂದ ತೊಳೆಯುತ್ತಿದ್ದರೋ? ಈ ಪ್ರಶ್ನೆಗಳೆಲ್ಲ ನನಗೆ ಆಗಲೇ ಹೊಳೆದಿದ್ದವು. ಬಾಯಿಬಿಟ್ಟು ಒಂದನ್ನೂ ಕೇಳಲಿಲ್ಲ.

ಒಳಕೋಣೆಯಲ್ಲೇ ಉಳಿದಿದ್ದ ಒಳಲೆಯನ್ನು ತಿಪ್ಪೆಗೆ ಎಸೆಯಲು ಹೇಳಿದರು. ನಾನು ಎಸೆದೆ ಎಂದು ಹೇಳಿ ಧಾರೆ ಸೀರೆಯೊಳಗೆ ಬಚ್ಚಿಟ್ಟೆ. ಅದನ್ನು ಧೈರ್ಯವೆಂದು ಯಾರೂ ಹೊಗಳಬೇಡಿ. ಬಚ್ಚಿಡುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಸುದ್ದಿ ಹರಡಿದ ಮೇಲೆ ಹನೂರಿನಲ್ಲಿ ಅವರಿಗೆ ಎಲ್ಲೂ ಮನೆ ಸಿಗಲಿಲ್ಲ. ಕೊಳ್ಳೇಗಾಲದಿಂದ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದಾರೆ ಎಂದು ಕೇಳಿದೆ. ಹೆರಿಗೆಗೆ ಕರೆದಾಗ ನರ್ಸಮ್ಮ ಊರಲ್ಲೇ ಇರುವುದಿಲ್ಲ ಎಂದು ಜನ ದೂರು ಬರೆದರಂತೆ. ಬರೆದವರು ಮನೆ ಕೊಡದವರೇ. ದೂರು ಮೇಲಕ್ಕೆ ಹೋಯಿತು, ಅವರಿಗೆ ಗೋಪಿನಾಥಂಗೆ ವರ್ಗವಾಯಿತು.

ಹೊರಡುವ ಮೊದಲು ಒಮ್ಮೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಮಗಳಿಗೆ ಆಗ ಒಂದೂವರೆ ವರ್ಷ. ಅವರೇ ನನ್ನನ್ನು ಗುರುತು ಹಿಡಿದು ಬಂದು, ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಕಮ್ಮಿ ಅದೆ, ಸೊಪ್ಪು ತಿನ್ಸು," ಎಂದು ಗದರಿದರು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ತಾಲ್ಲೂಕು ಆಫೀಸಿನಿಂದ ಬರುತ್ತಿದ್ದೇನೆ ಎಂದರು. ಅವರ ತಂಗಿಯನ್ನು ಕಾಲೇಜಿನ ಹಾಸ್ಟೆಲ್ಲಿಗೆ ಸೇರಿಸಲು ಪರಿಶಿಷ್ಟ ಜಾತಿಯ ಸರ್ಟಿಫಿಕೇಟ್ ಬೇಕಿತ್ತಂತೆ. ನೀವು ಕ್ರಿಶ್ಚಿಯನ್ನರು, ಆ ಜಾತಿ ನಿಮಗೆ ಬರುವುದಿಲ್ಲ ಎಂದು ಗುಮಾಸ್ತ ಅರ್ಜಿ ವಾಪಸು ಕೊಟ್ಟನಂತೆ.

"ನಿಮ್ಮಾವ್ನೋರ ಕರ್ಕಂಡೋಗಿ ಸಾಕ್ಷಿ ಏಳುಸ್ಬೇಕಿತ್ತು ಕಣವ್ವ," ಎಂದು ನಕ್ಕರು. ಕಣ್ಣಲ್ಲಿ ನಗುವಿರಲಿಲ್ಲ. ನಿಮ್ಮ ಚರ್ಚಿನವರು ಏನೂ ಸಹಾಯ ಮಾಡುವುದಿಲ್ಲವೇ ಎಂದು ಪೆದ್ದಿಯ ಹಾಗೆ ಕೇಳಿದೆ. "ಅಲ್ಲೂ ಕೇಳ್ತಾರೆ, ಮೊದ್ಲು ಯಾವ ಜನ ಆಗಿದ್ರಿ ಅಂತ," ಎಂದರು. ಬಸ್ಸು ಬಂತು. ಕ್ಷಮಿಸಿ ಎನ್ನಲು ಬಾಯಿ ತೆರೆದೆ, ಕಂಡಕ್ಟರ್ ಸೀಟಿ ಊದಿದ... ಬಸ್ಸಿನ ಮೇಲೆ ತಪ್ಪು ಹಾಕುವುದು ಸುಲಭ. ಇನ್ನೂ ಒಂದು ಗಂಟೆ ಬಿಟ್ಟು ಬಂದಿದ್ದರೂ ನಾನು ಹೇಳುತ್ತಿರಲಿಲ್ಲ.

ಆಮೇಲೆ ನನಗೆ ಯಳಂದೂರಿನ ಕಡೆ ಕೆಲಸ ಸಿಕ್ಕಿತು, ನಾವು ಇಲ್ಲಿಗೆ ಬಂದೆವು. ಮಾವ ತೀರಿಕೊಂಡಾಗ ಸಾವಿರ ಜನ ಸೇರಿ, ಭೇದವಿಲ್ಲದ ಮನುಷ್ಯ ಎಂದು ಕಣ್ಣೀರು ಹಾಕಿದರು. ಸಾಯಬರೂ ಬಂದು ಅತ್ತರು. ನಾನೂ ಅತ್ತೆ. ಒಳಲೆ ಟ್ರಂಕಿನಲ್ಲೇ ಇತ್ತು.

ಇಷ್ಟನ್ನೂ ಈ ಜೂನಿನಲ್ಲಿ ಮಗಳಿಗೆ ಹೇಳಿದೆ. ಅವಳು ಅರ್ಜಿಯನ್ನು ಹಾಗೇ ಮಡಿಸಿಟ್ಟು, "ಅವ್ರನ್ನ ನೋಡ್ಬೇಕು," ಎಂದಳು. ಮರುದಿನವೇ ಹೊರಟೆವು. ಕೊಳ್ಳೇಗಾಲ, ಹನೂರು, ಬೆಟ್ಟ, ಅಲ್ಲಿಂದ ಮುಂದೆ ಕಾಡಿನ ದಾರಿ. ಚೆಕ್‌ಪೋಸ್ಟಿನಲ್ಲಿ ಪೊಲೀಸರು ಬಸ್ಸು ಹತ್ತಿ ಎಲ್ಲರ ಚೀಲ ನೋಡಿದರು. ನನ್ನ ಚೀಲದಲ್ಲಿದ್ದ ಒಳಲೆಯನ್ನು ಎತ್ತಿ ನೋಡಿ ಏನಿದು ಎಂದು ಕೇಳಿದರು. ನಾನು ಮಗುವಾಗಿದ್ದಾಗಿನದು ಎಂದು ಮಗಳು ಹೇಳಿದಳು.

ಗೋಪಿನಾಥಂನಲ್ಲಿ ಆರೋಗ್ಯ ಕೇಂದ್ರದ ಬಾಗಿಲಿಗೆ ಬೀಗ ಹಾಕಿತ್ತು. ಎದುರಿನ ಮರದ ಕೆಳಗೆ ಒಂದು ಕಲ್ಲುಬೆಂಚು. ಕೇಂದ್ರಕ್ಕೆ ನೀರು ತುಂಬಿಸುವ ಕೆಲಸದ ಮುದುಕನೊಬ್ಬ ಅದರ ಮೇಲೆ ಕೂತಿದ್ದ. ಬನ್ನಿ ತಾಯಿ ಕೂತ್ಕಳಿ ಎಂದು ಸರಿದು ಜಾಗ ಕೊಟ್ಟ. ನಾವಿಬ್ಬರೂ ಅವನ ಪಕ್ಕದಲ್ಲಿ ಕೂತೆವು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಅವನು ಹೇಳಿದ. ನರ್ಸಮ್ಮ ಕಾಮಾಲೆಯಾಗಿ ಹೋಗಿ ಎರಡು ವರ್ಷವಾಯಿತಂತೆ. ಮಣ್ಣು ಮಾಡುವಾಗ ಕೇರಿಯವರು ಅವಳು ನಮ್ಮ ದೇವರ ಒಕ್ಕಲಲ್ಲ ಎಂದರಂತೆ. ಪಕ್ಕದೂರಿನ ಚರ್ಚಿನವರು ಅವಳು ನಮ್ಮ ಜನವಲ್ಲ ಎಂದರಂತೆ. ಕೊನೆಗೆ ಅವರ ಕೈಯಲ್ಲಿ ಹೆರಿಗೆಯಾದ ಹೆಂಗಸರೇ ಸೇರಿ, ಗಂಡಸರನ್ನು ಬೈದು, ಹಳ್ಳದ ದಂಡೆಯಲ್ಲಿ ಗುಂಡಿ ತೋಡಿಸಿದರಂತೆ. ಅವನು ಹಳ್ಳದ ಕಡೆ ಕೈ ತೋರಿಸಿದ. ಹುಲ್ಲು ಬೆಳೆದು ಗುರುತೇ ಸಿಗುವುದಿಲ್ಲ ಎಂದ.

ನಾನು ಅಳುತ್ತಿದ್ದೆ. ನಿಜವಾಗಿಯೇ ಅಳುತ್ತಿದ್ದೆ. ಮುದುಕ ನನ್ನ ಅಳು ನೋಡಿ, ಯಾರೋ ಹತ್ತಿರದ ನೆಂಟರಿರಬೇಕು ಎಂದುಕೊಂಡು ಮೆತ್ತಗೆ ಕೇಳಿದ.

"ನೀಂಗ ಯಾವ ಜನ ತಾಯಿ?"

ನಾನು ನಮ್ಮ ಜಾತಿಯ ಹೆಸರು ಹೇಳಿದೆ.

ಯೋಚಿಸಲಿಲ್ಲ. ಯಾರೋ ಹೆಸರು ಕೇಳಿದರೆ ಹೆಸರು ಹೇಳುವ ಹಾಗೆ ಬಾಯಿಂದ ಬಂದುಬಿಟ್ಟಿತು. ಆ ಮುದುಕಿಯ ಬಾಯಿಂದ 'ಬುದ್ದೀ' ಬಂದಷ್ಟೇ ಸಲೀಸಾಗಿ. ಕೆನ್ನೆಯ ಮೇಲೆ ಇನ್ನೂ ನೀರಿತ್ತು. ಮುದುಕ ಹೆಗಲ ಮೇಲಿದ್ದ ಟವೆಲನ್ನು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಮೆಲ್ಲಗೆ ಬೆಂಚಿನಿಂದ ಜಾರಿ ನೆಲದ ಮೇಲೆ ಕೂತ.

ಮಗಳು ನನ್ನನ್ನು ನೋಡಿದಳು. ಆ ನೋಟವನ್ನು ನಾನು ಮೊದಲೊಮ್ಮೆ ನೋಡಿದ್ದೆ, ಹನೂರಿನ ಜಗಲಿಯಲ್ಲಿ. ಆಮೇಲೆ ಅವಳು ಎದ್ದು, ಮುದುಕನ ಪಕ್ಕ ಮಣ್ಣಿನ ಮೇಲೆ ಕೂತು, ಹಳ್ಳದ ಹತ್ತಿರ ಕರಕೊಂಡು ಹೋಗ್ತೀರಾ ತಾತಾ ಎಂದು ಕೇಳಿದಳು. ಇಬ್ಬರೂ ಎದ್ದು ಹೋದರು. ಬೆಂಚಿನ ಮೇಲೆ ನಾನೊಬ್ಬಳೇ ಉಳಿದೆ.

ಯಳಂದೂರಿಗೆ ಬಂದು ಹತ್ತು ದಿನವಾಯಿತು. ಅರ್ಜಿಯನ್ನು ಮಗಳೇ ತುಂಬಿ ಕಳಿಸಿದಳು. ಆ ಎರಡು ಚೌಕಗಳಲ್ಲಿ ಏನು ಬರೆದಳು ಎಂದು ಹೇಳಲಿಲ್ಲ, ಕೇಳುವ ಮುಖ ನನಗಿರಲಿಲ್ಲ. ಒಳಲೆಯನ್ನು ಮತ್ತೆ ಟ್ರಂಕಿನಲ್ಲಿಡಲು ಹೋದಾಗ ನನ್ನ ಕೈಯಿಂದ ತೆಗೆದುಕೊಂಡಳು.

"ಅದು ನಂದು ಅಮ್ಮಾ," ಎಂದಳು.

ಅವಳದ್ದೇ. ನರ್ಸಮ್ಮ ಕೊಟ್ಟದ್ದು ಅವಳಿಗೆ, ನನಗಲ್ಲ. ನನಗೆ ಅವರು ಕೊಟ್ಟದ್ದು ಆ ಒಂದು ನೋಟ ಮಾತ್ರ. ಅದಕ್ಕೆ ಉತ್ತರ ಕೊಡಬೇಕಾದವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು, ಇನ್ನೂ ಹೊರಗೆ ಬಂದಿಲ್ಲ.